ಭುಜದ ನೋವು, ಕಾಲಿನ ಕೆಲಸ

ಪಿ.ಟಿ. ಟೀಚರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಜಯನಗರದ ನಮ್ಮ ಮನೆಗೆ ಬಂದು ಹೋಗುತ್ತಿರುತ್ತಾರೆ. ಕಾಫಿ ಕುಡಿದು, ಕೋಡುಬಳೆ ತಿಂದು, ಎದ್ದು ಹೊರಡುವ ಹೊತ್ತಿಗೆ ಎಲ್ಲರೂ ಕೇಳುವುದು ಒಂದೇ ಮಾತು: "ಮೇಡಂ, ನಿಮ್ಮ ಹತ್ರ ಒಳ್ಳೊಳ್ಳೆ ಡ್ರಿಲ್ ಇರುತ್ತಲ್ಲ, ಸ್ವಲ್ಪ ಹೇಳ್ಕೊಡಿ." ನನಗೆ ಮೈಯೆಲ್ಲ ಉರಿಯುತ್ತದೆ. ಡ್ರಿಲ್‌ಗೇನು ಬರವೇ? ಮೊಬೈಲ್ ತೆರೆದರೆ ಸಾಲುಗಟ್ಟಿ ಬೀಳುತ್ತವೆ. ಮಗು ಡ್ರಿಲ್ ಮಾಡುತ್ತಿರುವಾಗ ನಿಮ್ಮ ಕಣ್ಣು ಎಲ್ಲಿರುತ್ತದೆ ಅನ್ನುವುದು ಮುಖ್ಯ. ಕಣ್ಣು ಗಡಿಯಾರದ ಮೇಲಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಹೇಳಿಯೇ ಕಳಿಸುತ್ತೇನೆ.

ಬೈದದ್ದು ಜಾಸ್ತಿಯಾಯಿತು ಅನ್ನಿಸಿದಾಗ ಮತ್ತೆ ಕೂರಿಸಿ ನಾಗಶ್ರೀಯ ವಿಷಯ ಹೇಳುತ್ತೇನೆ. ಇಷ್ಟು ಜನಕ್ಕೆ ಬಾಯಲ್ಲಿ ಹೇಳಿದ್ದನ್ನು ಒಮ್ಮೆ ಬರೆದೇ ಬಿಡೋಣ ಎಂದು ಕೂತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶಾಲೆಯಲ್ಲಿ ವಾರ್ಮಪ್ ಅಂದರೆ ಗ್ರೌಂಡು ಸುತ್ತುವುದು, ಅಷ್ಟೇ. ನನಗಿಂತ ಮೇಲಿದ್ದ ಹಿರಿಯ ಮೇಷ್ಟ್ರು ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಪೇಪರ್ ಓದುತ್ತಾ, "ಓಡ್ಸಮ್ಮ, ಓಡ್ಸು, ಬೆವರು ಬಂದ್ಮೇಲೆ ಬಾಲ್ ಕೊಡು" ಅನ್ನುವರು. ಕೆಟ್ಟವರಲ್ಲ. ಬಿಸಿಲಿಗೆ ಯಾವ ಮಗುವಿಗಾದರೂ ತಲೆ ಸುತ್ತಿದರೆ ತಮ್ಮ ಪಾಲಿನ ಮಜ್ಜಿಗೆಯನ್ನೇ ಕೊಟ್ಟುಬಿಡುತ್ತಿದ್ದರು. ಆದರೆ ವಾಲಿಬಾಲ್ ಆಡುವವಳಿಗೂ ಅದೇ ಸುತ್ತು, ಗುಂಡು ಎಸೆಯುವವಳಿಗೂ ಅದೇ ಸುತ್ತು. ಅವರು ನಿವೃತ್ತರಾದ ಮೇಲೆ ನಾನೊಂದು ತರಬೇತಿ ಶಿಬಿರಕ್ಕೆ ಹೋಗಿ ಸಾಫ್ಟ್‌ಬಾಲ್ ಕಲಿತು ಬಂದೆ. ವಾರ್ಮಪ್ ಅಂದರೆ ಆಟವನ್ನೇ ಬಿಡಿಬಿಡಿ ಭಾಗ ಮಾಡಿ, ಮಗುವಿಗೆ ಊಟ ಮಾಡಿಸಿದ ಹಾಗೆ ತುತ್ತು ತುತ್ತಾಗಿ ಮೈಗೆ ಕೊಡುವುದು ಎಂದು ತಿಳಿದದ್ದು ಅಲ್ಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರಿಗೆ ಸಾಫ್ಟು, ಚೆಂಡು ಮಾತ್ರ ಮೋಸಂಬಿಗಿಂತ ದಪ್ಪ, ತಗುಲಿದರೆ ಬಾವು ಬರುವಷ್ಟು ಗಟ್ಟಿ. ಅದನ್ನು ಎಸೆಯುವವಳನ್ನು ಪಿಚರ್ ಅನ್ನುತ್ತೇವೆ. ಅವಳು ಕ್ರಿಕೆಟ್ಟಿನ ಹಾಗೆ ಓಡಿ ಬರುವಂತಿಲ್ಲ. ನೆಲಕ್ಕೆ ಕೂರಿಸಿದ ಬಿಳಿ ರಬ್ಬರಿನ ಪಟ್ಟಿಯೊಂದಕ್ಕೆ ಕಾಲೂರಿ ನಿಂತು, ತೋಳನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡು ಬಿಡಬೇಕು. ಆ ಪಟ್ಟಿಯ ಹೆಸರು ಪ್ಲೇಟ್. ನೋಡುವವರಿಗೆ ತೋಳೊಂದೇ ಕಾಣುತ್ತದೆ. ನಿಜವಾದ ಬಲ ಬರುವುದು ಪ್ಲೇಟನ್ನು ಒದ್ದು ದೇಹವನ್ನು ಮುಂದಕ್ಕೆ ಚಿಮ್ಮಿಸುವ ಕಾಲಿನಿಂದ. ಕಾಲು ತನ್ನ ಕೆಲಸ ಮಾಡದಿದ್ದರೆ ಅದನ್ನೂ ಭುಜವೇ ಮಾಡಬೇಕು, ಆಗ ಭುಜ ಕೆಡುತ್ತದೆ.

ಬೆಳಿಗ್ಗೆ ವಾಕಿಂಗ್ ಬರುವ ಅಂಕಲ್‌ಗಳಿಗೆ ಈ ಎಸೆತ ಕಂಡರೆ ನಗು. ಕಾಂಪೌಂಡಿನ ಆಚೆ ನಿಂತು, "ಮೇಡಂ, ಅಂಡರ್‌ಆರ್ಮ್ ಹಾಕ್ಸ್ತಿದೀರಲ್ಲ, ಇದೂ ಒಂದು ಬೌಲಿಂಗಾ?" ಎಂದು ಒಬ್ಬರು ದಿನಾ ಕೇಳುತ್ತಿದ್ದರು. "ಒಳಗೆ ಬನ್ನಿ ಸಾರ್, ಬ್ಯಾಟ್ ಕೊಡ್ತೀನಿ, ಒಂದು ಬಾಲ್ ಮುಟ್ಟಿ ನೋಡಿ" ಅಂದೆ. ಅವತ್ತಿನಿಂದ ಅವರಿಗೆ ಮಂಡಿನೋವು ಶುರುವಾಯಿತು.

ನಾಗಶ್ರೀ ಬೇಗೂರಿನ ಹುಡುಗಿ, ಎಂಟನೇ ಕ್ಲಾಸಿಗೆ ನಮ್ಮಲ್ಲಿ ಸೇರಿದಳು. ಮನೆಯವರು ಮೊದಲು ಬೇಸಾಯ ಮಾಡಿಕೊಂಡಿದ್ದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು, ಕೆಳಗೊಂದು ದಿನಸಿ ಅಂಗಡಿ. ಅಂಗಡಿಯ ಯಜಮಾನಿಕೆ ತಾಯಿ ಮಂಜುಳಾ ಅವರದು. ಟ್ರಾಫಿಕ್ ಶುರುವಾಗುವ ಮೊದಲೇ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಿಟಿಎಂ ಲೇಔಟ್ ದಾಟಿ ಬರುತ್ತಿದ್ದರು. ಪ್ರಾಕ್ಟೀಸ್ ಮುಗಿಯುವವರೆಗೂ ಗ್ರೌಂಡಿನ ಮೆಟ್ಟಿಲ ಮೇಲೆ ಕೂತು, ಚೀಲದಿಂದ ದಂಟಿನ ಸೊಪ್ಪು ತೆಗೆದು ಬಿಡಿಸುತ್ತಿದ್ದರು. ಆಟದ ತಲೆಬುಡ ಅವರಿಗೆ ಗೊತ್ತಿರಲಿಲ್ಲ. ಮಗಳು ಖುಷಿಯಾಗಿದ್ದಾಳಾ ಇಲ್ಲವಾ ಅನ್ನುವುದು ಮಾತ್ರ ಅಷ್ಟು ದೂರದಿಂದಲೇ ಗೊತ್ತಾಗುತ್ತಿತ್ತು.

ಹುಡುಗಿಗೆ ಮಾತು ಕಡಿಮೆ. ನೀರು ಬೇಕಾ ಅಂದರೂ ತಲೆಯಾಡಿಸುವಳು. ಆದರೆ ತೋಳು ತಿರುಗಿಸಿದಳೆಂದರೆ ಮುಗಿಯಿತು. ಅವಳ ಚೆಂಡನ್ನು ಹಿಡಿಯುತ್ತಿದ್ದವಳು ಅದೇ ಕ್ಲಾಸಿನ ಫಾತಿಮಾ, ಬಾಯಿಗೆ ಬಿಡುವಿಲ್ಲದ ಹುಡುಗಿ. ಚೆಂಡು ಫಾತಿಮಾಳ ಗ್ಲೌಸಿಗೆ ಬಿದ್ದ ಸದ್ದು ಸ್ಟಾಫ್ ರೂಮಿನವರೆಗೂ ಕೇಳುತ್ತಿತ್ತು. "ಏನ್ರೀ ಪದ್ಮಾ, ಪಟಾಕಿ ಹೊಡೆಸ್ತಿದೀರಾ?" ಎಂದು ಹೆಡ್‌ಮಿಸ್ಟ್ರೆಸ್ ಕೇಳಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ಒಂಬತ್ತನೇ ಕ್ಲಾಸಿನ ದಸರಾ ರಜೆ ಮುಗಿಸಿ ಬಂದಾಗ ಆ ಸದ್ದು ಇರಲಿಲ್ಲ. ಪೊತ್ ಎಂದು ಬೀಳುತ್ತಿತ್ತು ಚೆಂಡು. ರಜೆಯ ಸೋಮಾರಿತನ, ಒಬ್ಬಟ್ಟು ತಿಂದ ಮೈ ಎಂದುಕೊಂಡು ಗದರಿದೆ. ಅವಳು ಹಲ್ಲು ಕಚ್ಚಿ ಇನ್ನಷ್ಟು ಜೋರಾಗಿ ತೋಳು ಬೀಸಿದಳು. ವೇಗ ಸ್ವಲ್ಪ ಬಂತು, ಜೊತೆಗೆ ನೋವೂ ಬಂತು. ಸ್ವಲ್ಪ ದಿನದಲ್ಲಿ ಬಲಗೈಯಲ್ಲಿ ಸ್ಕೂಲ್ ಬ್ಯಾಗ್ ಎತ್ತಲಾರದೆ ಎಡಗೈಯಲ್ಲಿ ಹಿಡಿದು ಬರತೊಡಗಿದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಏನೂ ಹರಿದಿಲ್ಲ, ವಿಶ್ರಾಂತಿ ಕೊಡಿ, ಎಸೆಯುವ ರೀತಿಯಲ್ಲೇ ಏನೋ ತಪ್ಪಿರಬೇಕು, ಅದನ್ನು ನೋಡಿ ಅಂದರು.

ಅವತ್ತು ಕ್ಲಿನಿಕ್ಕಿನ ಹೊರಗೆ ಮಂಜುಳಾ ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ನಾನು ಆಟ ಬೇಡ ಅನ್ನೋಳಲ್ಲ. ಆದ್ರೆ ನಿದ್ದೇಲಿ ಮಗ್ಗುಲು ತಿರುಗಿದ್ರೂ ಅಮ್ಮಾ ಅಂತಾಳೆ. ಕೇಳ್ಕೊಂಡು ಮಲ್ಗೋಕಾಗಲ್ಲ. ಇನ್ನೊಂದ್ಸಲ ನೋವು ಅಂದ್ಲೋ, ಆಟ ಬಿಡಿಸ್ಬಿಡ್ತೀನಿ. ನೀವು ಬೇಜಾರ್ ಮಾಡ್ಕೋಬಾರ್ದು."

ಬೇಜಾರು ಮಾಡಿಕೊಳ್ಳಲು ನನಗೆಲ್ಲಿ ಮುಖ? ಅವರು ಹೇಳಿದ್ದು ನ್ಯಾಯವಾಗಿತ್ತು. ಆದರೆ ಆ ಮಾತು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಕಿವಿಗೂ ಬಿದ್ದಾಗ ಅವಳ ಮುಖ ನೋಡಿದ್ದೆನಲ್ಲ, ಅದು ನನ್ನ ನಿದ್ದೆಯನ್ನೂ ಕೆಡಿಸಿತು. ಮಾತಾಡದ ಮಕ್ಕಳಿಗೆ ಆಟವೇ ಮಾತು. ಅದನ್ನು ಕಿತ್ತುಕೊಂಡರೆ ಅವಳ ಹತ್ತಿರ ಏನು ಉಳಿಯುತ್ತದೆ ಎಂದು ಸಂಕಟವಾಯಿತು.

ಹೆಡ್‌ಮಿಸ್ಟ್ರೆಸ್ ಗಣಿತದವರು, ಎಲ್ಲಕ್ಕೂ ಬೇಗ ಉತ್ತರ ಬೇಕು. "ರೆಸ್ಟ್ ಕೊಟ್ಟು ಇಂಟರ್‌ಜೋನ್ ಮ್ಯಾಚಿಗೆ ಅವಳನ್ನೇ ಹಾಕಿ ಪದ್ಮಾ" ಅಂದರು. ಮಿಕ್ಸಿ ಜಾರಿನ ತಿರುಪು ಸಡಿಲವಾದರೆ ರೆಸ್ಟ್ ಕೊಟ್ಟರೆ ಸರಿಹೋಗುತ್ತದೆಯೇ ಎಂದು ಕೇಳಬೇಕೆನ್ನಿಸಿತು. ಅವರ ಮಾತಿಗೆ ಹೂಂ ಎಂದು ತಲೆಯಾಡಿಸಿ, ನನಗೆ ಬೇಕಾದ್ದನ್ನು ಮಾಡುವುದನ್ನು ಆ ವೇಳೆಗೆ ಚೆನ್ನಾಗಿ ಕಲಿತಿದ್ದೆ.

ವಿಶ್ರಾಂತಿ ಮುಗಿದ ಮೇಲೆ ಅವಳಿಗೆ ಪೂರ್ತಿ ಎಸೆತ ಕೊಡಲೇ ಇಲ್ಲ. ಬರೀ ವಾರ್ಮಪ್. ಮೊದಲು ಫಾತಿಮಾಳ ಎದುರು ಹತ್ತಿರದಲ್ಲಿ ನಿಂತು, ಮೊಣಕೈಯನ್ನು ಮೈಗಂಟಿಸಿಕೊಂಡು, ಮಣಿಕಟ್ಟಿನಿಂದಷ್ಟೇ ಚೆಂಡನ್ನು ಚಿಮ್ಮಿಸುವುದು. ಆಮೇಲೆ ಒಂದು ಮಂಡಿಯೂರಿ ಕೂತು ತೋಳು ತಿರುಗಿಸುವುದು. ಕಾಲಿನ ಗೊಡವೆ ಇಲ್ಲದಿದ್ದರೆ ತೋಳಿನ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಮೈಯನ್ನು ಪಕ್ಕಕ್ಕೆ ತಿರುಗಿಸಿ ನಿಂತು ಎಸೆಯುವುದು. ಕೊನೆಗೆ ಹೆಜ್ಜೆ ಹಾಕಿ ನಡೆದು ಬರುತ್ತಾ ಎಸೆಯುವುದು. ಈರುಳ್ಳಿ ಸುಲಿದ ಹಾಗೆ ಒಂದೊಂದೇ ಪದರ ಬಿಡಿಸಿ ತಪ್ಪು ಹುಡುಕಿದೆ. ಮಣಿಕಟ್ಟು ಸರಿ, ತೋಳು ಸರಿ, ಸೊಂಟ ಸರಿ. ನಡೆದು ಬಂದು ಎಸೆದಾಗ ಹಳೆಯ ಸದ್ದು ಕೇಳಿತು, ಭುಜ ನೋಯಲೂ ಇಲ್ಲ. ನನಗೆ ಹಬ್ಬವಾಯಿತು. ಮಾರನೇ ದಿನವೇ ಪ್ಲೇಟ್ ತರಿಸಿದೆ.

ಗ್ರೌಂಡಿನಲ್ಲಿ ಎಲ್ಲ ಆಟದವರೂ ಆಡುವುದರಿಂದ ನಮ್ಮದು ಎತ್ತಿಡುವ ಪ್ಲೇಟು. ಉದ್ದ ಮೊಳೆ ಹೊಡೆದು ಕೂರಿಸಿ, ಪ್ರಾಕ್ಟೀಸ್ ಆದ ಮೇಲೆ ಕಿತ್ತು ಸ್ಪೋರ್ಟ್ಸ್ ರೂಮಿಗೆ ಹಾಕುತ್ತಿದ್ದೆವು. ಪ್ಲೇಟ್ ಬಂದದ್ದೇ ತಡ, ಮತ್ತೆ ಪೊತ್. ಮತ್ತೆ ಅವಳ ಎಡಗೈ ಬಲಭುಜದ ಮೇಲೆ. ಬ್ಯಾಟ್ ಹಿಡಿದವಳನ್ನು ಕಂಡು ಭಯವಿರಬಹುದೆಂದು ಬ್ಯಾಟ್‌ನವಳನ್ನು ಕಳಿಸಿದೆ. ದೂರ ಹೆಚ್ಚಾಯಿತೇನೋ ಎಂದು ಫಾತಿಮಾಳನ್ನು ಹತ್ತಿರ ಕೂರಿಸಿದೆ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಮೊಬೈಲಿನಲ್ಲಿ ವಿಡಿಯೋ ಹಿಡಿದು ನಿಧಾನವಾಗಿ ಓಡಿಸಿ ನೋಡಿದೆ. ಬರೀ ನೆಲದ ಮೇಲೆ ಗಟ್ಟಿಯಾಗಿ ಒದೆಯುತ್ತಿದ್ದ ಬಲಗಾಲು ಪ್ಲೇಟಿಗೆ ತುದಿಬೆರಳು ಮಾತ್ರ ತಾಗಿಸಿ, ಮೇಲಕ್ಕೆದ್ದು, ಅದನ್ನು ದಾಟಿಕೊಂಡು ಹೋಗುತ್ತಿತ್ತು. ಒದೆತವೇ ಇಲ್ಲ. ಕಾಲು ಕೊಡಬೇಕಾದ ಬಲವನ್ನೆಲ್ಲ ಪಾಪ ಭುಜ ಕೊಡುತ್ತಿತ್ತು.

ತಪ್ಪು ಸಿಕ್ಕಿತಲ್ಲ ಎಂದು ಶುರು ಹಚ್ಚಿಕೊಂಡೆ. "ತುಳಿಯೇ ಅದನ್ನ, ಗಟ್ಟಿಯಾಗಿ ತುಳಿ, ಒದ್ದು ಹೋಗು." ನನ್ನ ಬಾಯಿ ಎಂಥದೆಂದು ಜಯನಗರದ ಆ ಬ್ಲಾಕಿಗೆಲ್ಲ ಗೊತ್ತು, ಮಕ್ಕಳು ಹಿಂದಿನಿಂದ ನನ್ನನ್ನು ವಿಷಲ್ ಪದ್ಮ ಎಂದೇ ಕರೆಯುತ್ತಿದ್ದರು. ನಾನು ಕೂಗಿದಷ್ಟೂ ಅವಳ ಕಾಲು ಹಗುರವಾಯಿತು. ನೋಡುತ್ತೇನೆ, ಕಣ್ಣ ತುಂಬಾ ನೀರು.

ಫಾತಿಮಾ ಮುಖಕ್ಕೆ ಹಾಕಿದ್ದ ಜಾಲರಿಯನ್ನು ಮೇಲೆತ್ತಿದಳು. "ಮಿಸ್, ಅವಳು ತುಳಿಯಲ್ಲ ಮಿಸ್. ದಿನಾ ಅದಕ್ಕೆ ಕೈ ಮುಗೀತಾಳೆ."

ನಾಗಶ್ರೀ ಅವಳನ್ನು ಸುಡುವ ಹಾಗೆ ನೋಡಿದಳು. ನಾನು ಹತ್ತಿರ ಹೋಗಿ, ಇದೇನೇ ಇದು ಎಂದು ಕೇಳಿದೆ. ಅವಳು ನೆಲ ನೋಡುತ್ತಲೇ ಹೇಳಿದಳು.

"ಪೂಜೆ ಮಾಡಿದೀವಲ್ಲ ಮಿಸ್ ಅದಕ್ಕೆ."

ಆಗ ಹೊಳೆಯಿತು. ದಸರಾ ರಜೆಗೆ ಬಿಡುವ ಮುನ್ನ ನಾವು ಸ್ಪೋರ್ಟ್ಸ್ ರೂಮಿನಲ್ಲಿ ಆಯುಧಪೂಜೆ ಮಾಡುವುದು ರೂಢಿ. ಬ್ಯಾಟು, ಗ್ಲೌಸು, ಚೆಂಡು, ಜಾವೆಲಿನ್ ಎಲ್ಲ ಸಾಲಾಗಿ ಇಟ್ಟು, ಸೇವಂತಿಗೆ ಏರಿಸಿ, ಮಂಗಳಾರತಿ ಮಾಡಿ, ಕಡಲೆಪುರಿ ಹಂಚುತ್ತೇವೆ. ಆ ವರ್ಷ ಮೊದಲ ಸಲ ಪ್ಲೇಟನ್ನೂ ತೊಳೆದು ಮಧ್ಯದಲ್ಲಿಟ್ಟು, "ನೀನು ಪಿಚರ್ ಅಲ್ವಾ, ನೀನೇ ಕುಂಕುಮ ಇಡು" ಎಂದು ಅವಳ ಕೈಯಲ್ಲಿ ಇಡಿಸಿದ್ದೆ. ರಬ್ಬರಿನ ಗೀರುಗಳಲ್ಲಿ ಕುಂಕುಮದ ಕೆಂಪು ಇನ್ನೂ ಇತ್ತು.

"ಹಂಗಾದ್ರೆ ಬೇಸ್ ತುಳೀತೀಯಲ್ಲ, ಅದು ಪರವಾಗಿಲ್ವಾ?" ಎಂದು ಕೇಳಿದೆ. ಬೇಸ್ ಅಂದರೆ ಓಡುವಾಗ ಮುಟ್ಟಬೇಕಾದ ಚೌಕದ ಮೆತ್ತೆಗಳು.

"ಬೇಸ್‌ಗೆ ಪೂಜೆ ಆಗ್ಲಿಲ್ಲ ಮಿಸ್. ಅವತ್ತು ಅದನ್ನ ಒಗೆದು ಒಣಗ್ಹಾಕಿದ್ರಿ."

ನಗು ಬಂತು. ಆಮೇಲೆ ಅರ್ಥವಾಯಿತು. ತಾನೇ ಕುಂಕುಮ ಇಟ್ಟದ್ದನ್ನು ಒದೆಯಲಾರದೆ ಈ ಮಗು ಅಷ್ಟು ದಿನ ನೋವು ತಿಂದಿದೆ, ಒಬ್ಬರಿಗೂ ಹೇಳಿಲ್ಲ. ಅದೆಲ್ಲ ಏನಿಲ್ಲ, ತುಳಿ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ. ಕಾಲಿಗೆ ಪೇಪರ್ ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಾನು. ಹೇಳಿದರೂ ಅವಳು ಕೇಳಿಯಾಳು, ಅವಳ ಕಾಲು ಕೇಳಬೇಕಲ್ಲ. ಹೆಡ್‌ಮಿಸ್ಟ್ರೆಸ್, "ಹೊಸ ಪ್ಲೇಟ್ ತರ್ಸಿ, ಅದಕ್ಕೆ ಪೂಜೆ ಮಾಡ್ಬೇಡಿ, ಮುಗೀತು" ಅಂದರು. ಬೇರೆ ಶಾಲೆಯಿಂದ ಒಂದನ್ನು ತರಿಸಿಯೂ ನೋಡಿದೆ. "ಇದೂ ಅದೇ ತಾನೇ ಮಿಸ್" ಅಂದಳು ನಾಗಶ್ರೀ. ಎಲ್ಲ ಊರಿನ ದೇವರೂ ಒಂದೇ ಅನ್ನುವ ಧಾಟಿಯಲ್ಲಿ.

ಮಂಜುಳಾ ಅವರಿಗೆ ಮುಚ್ಚಿಡುವುದು ಸರಿಯಲ್ಲ ಅನ್ನಿಸಿ ಮೆಟ್ಟಿಲ ಮೇಲೆ ಅವರ ಪಕ್ಕ ಕೂತು ಎಲ್ಲ ಹೇಳಿದೆ. ನಕ್ಕುಬಿಡುತ್ತಾರೆ, ಇಲ್ಲವೇ ಇವತ್ತೇ ಬಿಡಿಸುತ್ತಾರೆ ಎಂದುಕೊಂಡಿದ್ದೆ. ಅವರು ಸೊಪ್ಪನ್ನು ಕೆಳಗಿಟ್ಟರು.

"ಅಯ್ಯೋ ನನ್ ಕಂದ. ಅದು ನನ್ನಿಂದ ಬಂದಿದ್ದು ಮೇಡಂ. ದಿನಾ ಬೆಳಿಗ್ಗೆ ಹೊಸಿಲು ಪೂಜೆ ಮಾಡ್ತೀನಲ್ಲ, ಚಿಕ್ಕವಳಿದ್ದಾಗ ಅದರ ಮೇಲೆ ನಿಂತ್ಕೊಂಡ್ರೆ ಬೆನ್ನಿಗೆ ಬಾರಿಸ್ತಿದ್ದೆ. ತುಳೀಬೇಡ, ದಾಟು ಅಂತ."

ದಾಟು. ವಿಡಿಯೋದಲ್ಲಿ ನಾನು ಕಂಡದ್ದು ಅದನ್ನೇ. ಹುಡುಗಿ ಪಿಚರ್ ಪ್ಲೇಟಿನಲ್ಲಿ ಮನೆಯ ಹೊಸಿಲು ದಾಟುತ್ತಿದ್ದಳು. ಮಂಜುಳಾ ಮಗಳನ್ನು ಕೂಗಿ ಕರೆದರು.

"ನಿಮ್ಮ ತಾತ ಇದ್ದಾಗ ನಮ್ಮನೇಲಿ ಕಣ ಮಾಡ್ತಿದ್ರು, ಕೇಳಿದೀಯಲ್ಲ?"

ಹುಡುಗಿ ತಲೆಯಾಡಿಸಿದಳು.

"ಸಗಣಿ ಹಾಕಿ ಸಾರಿಸಿ, ಪೂಜೆ ಮಾಡಿ, ಕಾಯಿ ಒಡೆದು, ಆಮೇಲೆ ಏನ್ ಮಾಡ್ತಿದ್ರು?"

"ರಾಗಿ ಹಾಕ್ತಿದ್ರು."

"ಹಾಕಿ? ಎತ್ತು ಕಟ್ಟಿ ತುಳಿಸ್ತಿದ್ರು. ನಾವೂ ಚಪ್ಪಲಿ ಬಿಟ್ಟು ಇಳಿದು ತುಳೀತಿದ್ವಿ. ಪೂಜೆ ಮಾಡಿದೀವಿ ಅಂತ ಕಣದಲ್ಲಿ ಕಾಲಿಡದೇ ಇದ್ರೆ ಮನೆಮಂದಿಯೆಲ್ಲ ಏನ್ ತಿನ್ನೋದು? ಹೊಸಿಲು ಇರೋದು ದಾಟೋಕೆ. ಕಣ ಇರೋದು ತುಳಿಯೋಕೆ. ಇದು ಯಾವುದು, ನೀನೇ ಯೋಚ್ನೆ ಮಾಡು."

ನಾಗಶ್ರೀ ಪ್ಲೇಟಿನ ಕಡೆ ನೋಡಿದಳು. ಆ ತಾಯಿಯ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು ನನಗೆ.

ಮಾತಿನಿಂದ ಮನಸ್ಸು ತಿರುಗಬಹುದು, ಮೈ ತಿರುಗಲು ದಿನ ಬೇಕು. ಅದಕ್ಕೇ ಮತ್ತೆ ವಾರ್ಮಪ್ಪಿಗೇ ಬಂದೆ. ಶೂ ಬಿಡಿಸಿದೆ. ಪ್ಲೇಟನ್ನು ಮುಟ್ಟಿ ನಮಸ್ಕಾರ ಮಾಡುವುದೇ ಮೊದಲ ಡ್ರಿಲ್. ಆಮೇಲೆ ಬರಿಗಾಲಲ್ಲಿ ಅದರ ಮೇಲೆ ಸುಮ್ಮನೆ ನಿಲ್ಲುವುದು. ಮೊದಲ ದಿನ ಬಿಸಿ ಹಂಚಿನ ಮೇಲೆ ನಿಂತವಳ ಹಾಗೆ ಒದ್ದಾಡಿದಳು. ಆಮೇಲೆ ಚೆಂಡಿಲ್ಲದೆ, ತೋಳನ್ನೂ ತಿರುಗಿಸದೆ, ಒದ್ದು ಮುಂದಕ್ಕೆ ಚಿಮ್ಮುವುದು. ಆಮೇಲೆ ಪ್ಲೇಟಿನ ಹಿಂದಿನಿಂದ ನಡೆದು ಬಂದು, ಹೋಗುವ ದಾರಿಯಲ್ಲೇ ಅದನ್ನು ತುಳಿದು ಎಸೆಯುವುದು. ನಡೆಯುವ ಕಾಲಿಗೆ ಸಂಕೋಚ ಕಡಿಮೆ. ನಾನು ಒಮ್ಮೆಯೂ ಬಾಯಿ ಮಾಡಲಿಲ್ಲ. ಅದು ಎಷ್ಟು ಕಷ್ಟದ ಕೆಲಸ ಎಂದು ನಮ್ಮ ಮನೆಯವರನ್ನು ಕೇಳಿ.

ಇಂಟರ್‌ಜೋನ್ ಪಂದ್ಯ ನಡೆದದ್ದು ಊರಿನ ಇನ್ನೊಂದು ತುದಿಯ ಗ್ರೌಂಡಿನಲ್ಲಿ. ಮಂಜುಳಾ ಅಂಗಡಿಗೆ ಬಾಗಿಲು ಹಾಕಿ ಬಂದಿದ್ದರು. ಹುಡುಗಿ ಬಗ್ಗಿ ಪ್ಲೇಟ್ ಮುಟ್ಟಿದಾಗ ಅಂಪೈರ್, "ಏನಮ್ಮ, ಓಲೆ ಬಿತ್ತಾ?" ಎಂದು ಕೇಳಿದರು. "ಇಲ್ಲ ಸಾರ್" ಎಂದು ನಿಂತಳು. ಎದುರಿಗೆ ಗೊತ್ತಿಲ್ಲದ ತಂಡ, ಸುತ್ತ ಕೂಗಾಟ. ಗಾಬರಿಗೆ ಕಾಲು ಹಳೆಯ ಚಾಳಿಗೆ ಬಿತ್ತು. ಫಾತಿಮಾಳ ಗ್ಲೌಸಿನಲ್ಲಿ ಪೊತ್ ಎಂಬ ಸದ್ದು ಕೇಳಿ ನಾನು ಬೆಂಚಿನಿಂದ ಎದ್ದು ನಿಂತೆ. ರನ್ ಮೇಲೆ ರನ್ ಹೋದವು. ಹೆಡ್‌ಮಿಸ್ಟ್ರೆಸ್, "ಬೇರೆಯವರನ್ನ ಹಾಕಿ ಪದ್ಮಾ, ಮಗು ಮರ್ಯಾದೆ ಹೋಗುತ್ತೆ" ಅಂದರು. ಮಂಜುಳಾ ಮಗಳ ಭುಜವನ್ನೇ ನೋಡುತ್ತಿದ್ದರು.

ನಾವು ಬ್ಯಾಟ್ ಮಾಡಿ ಮತ್ತೆ ಎಸೆಯುವ ಸರದಿ ಬಂದಾಗ ಪಿಚರ್‌ಗೆ ಕೈ ಬಿಸಿ ಮಾಡಿಕೊಳ್ಳಲು ಕೆಲವು ಎಸೆತ ಬಿಡುತ್ತಾರೆ. "ನಡ್ಕೊಂಡು ಬಂದು ಹಾಕು ಕಂದ" ಎಂದು ಅಷ್ಟೇ ಹೇಳಿದೆ. ಪ್ಲೇಟಿನ ಹಿಂದಕ್ಕೆ ಹೋಗಿ, ನಡೆದು ಬಂದು, ತುಳಿದು ಎಸೆದಳು. ಇನ್ನೊಮ್ಮೆ. ಮತ್ತೊಮ್ಮೆ. ಆಮೇಲೆ ನಿಂತು ಎಸೆದ ಮೊದಲ ಚೆಂಡಿಗೇ ಫಾತಿಮಾ ಗ್ಲೌಸ್ ಕಳಚಿ ಕೈ ಕೊಡವಿಕೊಂಡು, "ಸಖತ್ ಮಗಾ" ಅಂದಳು. ಅಲ್ಲಿಂದಾಚೆ ಎದುರಾಳಿಗಳು ಚೆಂಡು ಮುಟ್ಟಲು ಒದ್ದಾಡಿದರು.

ಆದರೂ ಸೋತೆವು. ಮೊದಲು ಕೊಟ್ಟ ರನ್ನುಗಳನ್ನು ನಮ್ಮಿಂದ ತೀರಿಸಲಾಗಲಿಲ್ಲ. ಹೆಡ್‌ಮಿಸ್ಟ್ರೆಸ್ ಮಕ್ಕಳ ಬೆನ್ನು ತಟ್ಟುತ್ತಿದ್ದರು. ನಾನು ನಾಗಶ್ರೀ ನಡೆದು ಬರುವುದನ್ನೇ ನೋಡುತ್ತಿದ್ದೆ. ಅವಳು ಕುಂಟುತ್ತಿದ್ದಳು.

ಮಂಜುಳಾ ಎದ್ದು ನಿಂತರು. "ನೋಯ್ತಿದ್ಯಾ?"

ಹುಡುಗಿ ಸುಳ್ಳು ಹೇಳುವವಳಲ್ಲ. "ಹೂಂ ಅಮ್ಮ. ತುಂಬಾ."

ಕ್ಲಿನಿಕ್ಕಿನ ಹೊರಗೆ ಆಡಿದ ಮಾತು ನನಗೂ ನೆನಪಿತ್ತು, ಅವರಿಗೂ ನೆನಪಿತ್ತು. ಅವರು ನನ್ನ ಮುಖ ನೋಡದೆ ಮಗಳ ಭುಜಕ್ಕೆ ಮೆಲ್ಲಗೆ ಕೈ ಇಟ್ಟರು.

"ಅಲ್ಲಲ್ಲ" ಎಂದು ನಾಗಶ್ರೀ ಆ ಕೈ ಹಿಡಿದು ಕೆಳಕ್ಕೆ ತಂದು ತನ್ನ ಬಲತೊಡೆಯ ಮೇಲೆ ಇಟ್ಟುಕೊಂಡಳು. "ಇಲ್ಲಿ. ಈ ಕಾಲು. ಪೂರ್ತಿ ಕಾಲು."

"ಭುಜ?"

ಅವಳು ತೋಳನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ ತೋರಿಸಿದಳು. "ಏನಿಲ್ಲ."

ನಾನು ಅಲ್ಲೇ ಬೆಂಚಿನ ಮೇಲೆ ಕುಸಿದು, ಇಡೀ ತಂಡದ ಎದುರು ಅತ್ತೆ. ಮಂಜುಳಾ ಮಂಡಿಯೂರಿ ಕೂತು ಮಗಳ ತೊಡೆಯನ್ನು ಎರಡೂ ಕೈಯಲ್ಲಿ ಒತ್ತುತ್ತಿದ್ದರು. ಒತ್ತುತ್ತಲೇ ನನ್ನ ಕಡೆ ತಿರುಗಿದರು.

"ಮೇಡಂ, ನಾಳೆ ಬೆಳಿಗ್ಗೆ ಎಷ್ಟೊತ್ತಿಗೆ ಕರ್ಕೊಂಡ್ ಬರ್ಲಿ?"